ಸರ್ವರ್ ಕೋಣೆಯ ಬೀಗದ ಕೈ ಇಟ್ಟುಕೊಂಡವರಿಗೆ

ಕಾಲೇಜು, ಆಸ್ಪತ್ರೆ, ಸಹಕಾರ ಸಂಘ, ಮುದ್ರಣಾಲಯಗಳಲ್ಲಿ ಸರ್ವರ್ ನೋಡಿಕೊಳ್ಳುತ್ತಿರುವ ಎಲ್ಲ ಮಿತ್ರರಿಗೆ,



ನಿಮ್ಮ ಕೆಲಸಕ್ಕೆ ಒಂದೊಂದು ಕಡೆ ಒಂದೊಂದು ಹೆಸರು. ಕೆಲವೆಡೆ ಸಿಸ್ಟಮ್ ಅಡ್ಮಿನ್, ಕೆಲವೆಡೆ ಕಂಪ್ಯೂಟರ್ ಆಪರೇಟರ್, ಇನ್ನು ಕೆಲವೆಡೆ ಲ್ಯಾಬ್ ನೋಡಿಕೊಳ್ಳುವವರ ಹೆಗಲಿಗೇ ಸರ್ವರನ್ನೂ ಏರಿಸಿರುತ್ತಾರೆ. ಹೆಸರು ಏನೇ ಇದ್ದರೂ ನಿಮ್ಮ ಕಿವಿಗೆ ಬೀಳುವ ದೂರು ಒಂದೇ: ಸರ್ವರ್ ಸ್ಲೋ ಆಗಿದೆ. ಹಾರ್ಡ್ ಡಿಸ್ಕ್ ತೆಗೆದು ನಾಲ್ಕು ಎಸ್‌ಎಸ್‌ಡಿ ಹಾಕಿ ರೇಡ್ ಕಟ್ಟಿಸಿದ ಹೊಸತರಲ್ಲಿ ಎಲ್ಲರೂ ಮೆಚ್ಚಿರುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಅದೇ ಸರ್ವರ್ ಬ್ಯಾಕಪ್ ಹೊತ್ತಿನಲ್ಲಿ ಏದುಸಿರು ಬಿಡುತ್ತದೆ, ಬಿಲ್ಲಿಂಗ್ ಕಿಟಕಿಯಲ್ಲಿ ಜನ ಸಾಲುಗಟ್ಟುತ್ತಾರೆ. ಆಗ ಹೊರಡುವ ತೀರ್ಪು ಸಾಮಾನ್ಯವಾಗಿ ‘ಡಿಸ್ಕ್ ಹಳೆಯದಾಯಿತು, ಹೊಸದಕ್ಕೆ ಕೊಟೇಶನ್ ತರಿಸಿ’ ಎಂಬುದು. ಆ ತೀರ್ಪಿಗೆ ಆತುರಪಡಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ. ಬಹಳಷ್ಟು ಸಲ ಎಸ್‌ಎಸ್‌ಡಿಗೆ ವಯಸ್ಸಾಗಿರುವುದಿಲ್ಲ. ನೀವು ಅಳಿಸಿದ ಕಡತಗಳ ಸುದ್ದಿ ಅದಕ್ಕೆ ಮುಟ್ಟಿರುವುದಿಲ್ಲ, ಅಷ್ಟೇ. ಸುದ್ದಿ ಮುಟ್ಟದಂತೆ ನಡುವೆ ನಿಂತಿರುವುದು ಆಗಾಗ ರೇಡ್ ಪದರವೇ. ಇದನ್ನು ಸರಿಪಡಿಸಲು ಬೇಕಾದ ಹೆಚ್ಚಿನ ಕ್ರಮಗಳಿಗೆ ದುಡ್ಡು ಬೇಕಿಲ್ಲ.

ಕಾರಣ ತಿಳಿಯಬೇಕಾದರೆ ಎಸ್‌ಎಸ್‌ಡಿಯ ಒಳಗೆ ಸ್ವಲ್ಪ ಇಣುಕಬೇಕು. ಅದರ ಫ್ಲ್ಯಾಶ್ ಚಿಪ್‌ಗಳಲ್ಲಿ ಬರೆಯುವುದು ಪೇಜ್ ಲೆಕ್ಕದಲ್ಲಿ, ಅಂದರೆ ಕೆಲವು ಕಿಲೋಬೈಟ್‌ಗಳ ತುಂಡುಗಳಲ್ಲಿ. ಅಳಿಸುವುದು ಮಾತ್ರ ಬ್ಲಾಕ್ ಲೆಕ್ಕದಲ್ಲಿ, ಮತ್ತು ಒಂದು ಬ್ಲಾಕ್ ಎಂದರೆ ನೂರಾರು ಪೇಜ್‌ಗಳು. ಬರೆದ ಪೇಜಿನ ಮೇಲೆ ಮತ್ತೆ ಬರೆಯಲು ಬರುವುದಿಲ್ಲ, ಮೊದಲು ಇಡೀ ಬ್ಲಾಕನ್ನೇ ಅಳಿಸಬೇಕು. ಹಾಗಾಗಿ ನೀವು ಒಂದು ಕಡತ ತಿದ್ದಿದಾಗ ಎಸ್‌ಎಸ್‌ಡಿ ಹೊಸ ರೂಪವನ್ನು ಬೇರೆ ಖಾಲಿ ಪೇಜಿನಲ್ಲಿ ಬರೆದು, ಹಳೆಯದನ್ನು ಕಸವೆಂದು ಗುರುತು ಹಾಕಿಕೊಳ್ಳುತ್ತದೆ. ಖಾಲಿ ಬ್ಲಾಕ್‌ಗಳು ಕಡಿಮೆಯಾದಾಗ ಕಸ ಹೆಚ್ಚಿರುವ ಬ್ಲಾಕನ್ನು ಆರಿಸಿ, ಅದರಲ್ಲಿ ಉಳಿದಿರುವ ಬೇಕಾದ ಪೇಜ್‌ಗಳನ್ನು ಬೇರೆಡೆಗೆ ನಕಲಿಸಿ, ಬ್ಲಾಕನ್ನು ಅಳಿಸುತ್ತದೆ. ಇದೇ ಗಾರ್ಬೇಜ್ ಕಲೆಕ್ಷನ್. ಇದರ ಲೆಕ್ಕ ಬಹಳ ಸರಳ, ಬಹಳ ನಿರ್ದಯವೂ ಹೌದು. ಅಳಿಸಲು ಸಿಕ್ಕ ಬ್ಲಾಕಿನಲ್ಲಿ ಅರ್ಧ ಕಸವಿದ್ದರೆ ನೀವು ಬರೆಯುವ ಒಂದು ಪೇಜಿಗೆ ಒಳಗೆ ಒಟ್ಟು ಎರಡು ಪೇಜ್ ಬರೆಯಬೇಕಾಗುತ್ತದೆ. ಕಾಲು ಭಾಗ ಮಾತ್ರ ಕಸವಿದ್ದರೆ ನಾಲ್ಕು. ಕಸ ಕೇವಲ 10% ಇದ್ದರೆ ಹತ್ತು. ಹೊರಗಿನಿಂದ ನೋಡುವವರಿಗೆ ಅದೇ ಡಿಸ್ಕ್, ಅದೇ ಕೇಬಲ್, ಅದೇ ಕೆಲಸ. ಒಳಗೆ ದುಡಿಮೆ ಮಾತ್ರ ಐದು ಪಟ್ಟು ಏರಿರುತ್ತದೆ, ಸವೆತವೂ ಅದೇ ಪ್ರಮಾಣದಲ್ಲಿ ಏರಿರುತ್ತದೆ.

ಹಾಗಾದರೆ ಯಾವುದು ಕಸ, ಯಾವುದು ಬೇಕಾದದ್ದು ಎಂದು ಎಸ್‌ಎಸ್‌ಡಿಗೆ ತಿಳಿಯುವುದು ಹೇಗೆ? ಕಡತ ಅಳಿಸಿದಾಗ ಫೈಲ್ ಸಿಸ್ಟಮ್ ತನ್ನ ಪಟ್ಟಿಯಲ್ಲಿ ಒಂದು ಗೆರೆ ಎಳೆದುಕೊಳ್ಳುತ್ತದೆ, ಡಿಸ್ಕಿಗೆ ಏನನ್ನೂ ಹೇಳುವುದಿಲ್ಲ. ಬಾಡಿಗೆದಾರ ಮನೆ ಖಾಲಿ ಮಾಡಿ ಹೋಗಿದ್ದರೂ ಮಾಲೀಕನಿಗೆ ತಿಳಿಸದಿದ್ದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ: ಎಂದೋ ಅಳಿಸಿದ ಬ್ಯಾಕಪ್ಪನ್ನು ಎಸ್‌ಎಸ್‌ಡಿ ಜೋಪಾನವಾಗಿ ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಹೊರುತ್ತಲೇ ಇರುತ್ತದೆ. ಈ ಸುದ್ದಿಯನ್ನು ಮುಟ್ಟಿಸಲೆಂದೇ ಟ್ರಿಮ್ ಎಂಬ ಆಜ್ಞೆ ಬಂತು. 2009ರಲ್ಲಿ ವಿಂಡೋಸ್ 7, 2010ರಲ್ಲಿ ಲಿನಕ್ಸ್‌ನ 2.6.33 ಕರ್ನೆಲ್ ಅದನ್ನು ಕಳಿಸಲು ಕಲಿತವು. ಆದರೆ ಅದು ಒಂಟಿ ಡಿಸ್ಕಿನ ಮಾತು. ರೇಡ್ ಎಂಬ ಕಲ್ಪನೆಗೆ ಆ ಹೆಸರು ಬಂದದ್ದು 1988ರಲ್ಲಿ, ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಅವರ ಪ್ರಬಂಧದಿಂದ. ಅವರ ಕಣ್ಣ ಮುಂದಿದ್ದದ್ದು ತಿರುಗುವ ತಟ್ಟೆಗಳು. ‘ಈ ಜಾಗ ಇನ್ನು ಬೇಕಿಲ್ಲ’ ಎಂದು ಡಿಸ್ಕಿಗೆ ಹೇಳುವ ಅಗತ್ಯವೇ ಆಗ ಇರಲಿಲ್ಲ. ಹಾಗಾಗಿ ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ ಮೂಲಕ ಟ್ರಿಮ್ ಹಾದುಹೋಗುವಂತಾಗಲು 2012ರ ಕೊನೆಯ 3.7 ಕರ್ನೆಲ್ ಬರಬೇಕಾಯಿತು. ಝಡ್‌ಎಫ್‌ಎಸ್ ಬಳಸುವ ಲಿನಕ್ಸ್ ಮಂದಿ 2019ರ 0.8 ಆವೃತ್ತಿಯವರೆಗೆ ಕಾದರು. ಇನ್ನು ಕಾರ್ಡಿನ ರೂಪದಲ್ಲಿ ಬರುವ ಹಾರ್ಡ್‌ವೇರ್ ರೇಡ್ ಕಂಟ್ರೋಲರ್‌ಗಳಲ್ಲಿ ಅನೇಕವು ಇಂದಿಗೂ ಟ್ರಿಮ್ಮನ್ನು ಕೆಳಗೆ ಬಿಡುವುದಿಲ್ಲ.

ರೇಡ್ ಒಂದನ್ನೇ ದೂರುವುದೂ ನ್ಯಾಯವಲ್ಲ. ಫೈಲ್ ಸಿಸ್ಟಮ್, ಅದರ ಕೆಳಗೆ ಎಲ್‌ವಿಎಂ, ಅದರ ಕೆಳಗೆ ಎನ್‌ಕ್ರಿಪ್ಷನ್, ಅದರ ಕೆಳಗೆ ರೇಡ್, ಕೊನೆಗೆ ಕಂಟ್ರೋಲರ್. ಇಷ್ಟು ಮೆಟ್ಟಿಲುಗಳಲ್ಲಿ ಯಾವುದೊಂದು ಬಾಯಿ ಮುಚ್ಚಿಕೊಂಡರೂ ಸುದ್ದಿ ಅಲ್ಲಿಗೇ ನಿಂತಿತು. ಎಲ್ಲಿ ನಿಂತಿದೆ ಎಂದು ಕಂಡುಹಿಡಿಯುವುದು ಒಂದು ನಿಮಿಷದ ಕೆಲಸ. ಲಿನಕ್ಸ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ ಆಜ್ಞೆಗೆ ದೊಡ್ಡಕ್ಷರದ ಡಿ ಆಯ್ಕೆ ಸೇರಿಸಿ ಓಡಿಸಿ. ಪ್ರತಿ ಪದರದ ಮುಂದೆಯೂ ಡಿಸ್ಕಾರ್ಡ್‌ಗೆ, ಅಂದರೆ ಟ್ರಿಮ್‌ಗೆ, ಸಂಬಂಧಿಸಿದ ಅಂಕಣಗಳು ಬರುತ್ತವೆ. ಡಿಸ್ಕಿನ ಸಾಲಿನಲ್ಲಿ ಅಂಕಿಯಿದ್ದು ಅದರ ಮೇಲೆ ಕಟ್ಟಿದ ರೇಡ್‌ನ ಸಾಲಿನಲ್ಲಿ ಸೊನ್ನೆ ಇದ್ದರೆ, ತಡೆ ಇರುವುದು ಅಲ್ಲೇ. ಎಲ್ಲೆಡೆ ಅಂಕಿಗಳಿದ್ದರೆ ಟ್ರಿಮ್ ಕಳಿಸುವ ಎಫ್‌ಎಸ್‌ಟ್ರಿಮ್ ಆಜ್ಞೆ ಕೆಲಸ ಮಾಡುತ್ತದೆ, ಅದನ್ನು ವಾರಕ್ಕೊಮ್ಮೆ ಓಡಿಸುವ ಟೈಮರ್ ಹೊಸ ಲಿನಕ್ಸ್ ವಿತರಣೆಗಳಲ್ಲಿ ಸಿದ್ಧವಾಗಿಯೇ ಇರುತ್ತದೆ. ಅದು ಚಾಲೂ ಇದೆಯೋ ಇಲ್ಲವೋ ಎಂದು ನೋಡುವವರು ಕಡಿಮೆ.

ಒಂಟಿ ಡಿಸ್ಕಿನಲ್ಲಿ ಸಣ್ಣ ಕಿರಿಕಿರಿಯಾಗಿರುವುದು ರೇಡ್‌ನಲ್ಲಿ ದೊಡ್ಡದಾಗುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಗುಂಪಿನ ವೇಗ ಅದರಲ್ಲಿರುವ ಅತಿ ನಿಧಾನದ ಡಿಸ್ಕಿನ ವೇಗ. ಒಂದು ಸ್ಟ್ರೈಪ್ ಪೂರ್ಣವಾಗಬೇಕಾದರೆ ಎಲ್ಲ ಡಿಸ್ಕ್‌ಗಳೂ ತಮ್ಮ ಪಾಲು ಮುಗಿಸಬೇಕು. ಮೂರು ಡಿಸ್ಕ್‌ಗಳು ಬಿಡುವಾಗಿದ್ದು ನಾಲ್ಕನೆಯದು ಕಸ ಗುಡಿಸುತ್ತಿದ್ದರೆ ನಾಲ್ಕೂ ನಿಂತಂತೆಯೇ. 2016ರ ಫಾಸ್ಟ್ ಸಮ್ಮೇಳನದಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಮತ್ತು ನೆಟ್‌ಆ್ಯಪ್‌ನ ಸಂಶೋಧಕರು ಮಂಡಿಸಿದ ಅಧ್ಯಯನ ಇದನ್ನು ನಿಜವಾದ ಗ್ರಾಹಕರ ಯಂತ್ರಗಳಲ್ಲಿ ಅಳೆಯಿತು. ಒಂದು ಎಸ್‌ಎಸ್‌ಡಿ ತನ್ನ ಗುಂಪಿನ ಉಳಿದವಕ್ಕಿಂತ ಎರಡು ಪಟ್ಟಿಗೂ ಹೆಚ್ಚು ನಿಧಾನವಾಗಿದ್ದದ್ದು ಕಾಲದ 0.6% ಭಾಗ ಮಾತ್ರ. ಆದರೆ ಇಡೀ ರೇಡ್ ಗುಂಪಿನ ಲೆಕ್ಕ ಹಿಡಿದಾಗ, ಯಾವುದಾದರೂ ಒಂದು ಡಿಸ್ಕ್ ಕಾಲೆಳೆಯುತ್ತಿದ್ದ ಅವಧಿ 2.2%ಕ್ಕೆ ಏರಿತು. ಡಿಸ್ಕ್‌ಗಳು ಹೆಚ್ಚಿದಷ್ಟೂ ಈ ಭಾಗ ಹೆಚ್ಚುತ್ತದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2011ರಲ್ಲೇ ಎಲ್ಲ ಡಿಸ್ಕ್‌ಗಳೂ ಒಟ್ಟಿಗೇ ಕಸ ಗುಡಿಸುವಂತೆ ಹೊಂದಿಸುವ ಪ್ರಸ್ತಾವ ಮುಂದಿಟ್ಟದ್ದು ಈ ಕಾರಣಕ್ಕೇ. ನಮ್ಮ ನಿಮ್ಮ ಸರ್ವರ್‌ಗಳಲ್ಲಿ ಆ ಸೌಲಭ್ಯ ಸಿಗುವುದಿಲ್ಲ, ಗುಡಿಸುವ ಕೆಲಸವನ್ನೇ ತಗ್ಗಿಸುವುದು ನಮಗಿರುವ ದಾರಿ. ಎರಡನೆಯ ಕಾರಣ ಪ್ಯಾರಿಟಿ. ರೇಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ಹಳೆಯ ದತ್ತಾಂಶ ಓದಬೇಕು, ಹಳೆಯ ಪ್ಯಾರಿಟಿ ಓದಬೇಕು, ಆಮೇಲೆ ಎರಡನ್ನೂ ಹೊಸದಾಗಿ ಬರೆಯಬೇಕು. ಅಂದರೆ ನೀವು ಕೇಳಿದ್ದು ಒಂದು ಬರಹ, ಡಿಸ್ಕ್‌ಗಳಿಗೆ ಬಿದ್ದದ್ದು ಎರಡು. ಆ ಎರಡರಲ್ಲಿ ಪ್ರತಿಯೊಂದೂ ಡಿಸ್ಕಿನ ಒಳಗೆ ಮತ್ತೆ ನಾಲ್ಕೋ ಐದೋ ಆದರೆ ಸರ್ವರ್ ತಡವರಿಸುವುದರಲ್ಲಿ ಆಶ್ಚರ್ಯವೇನಿದೆ? ಡೇಟಾಬೇಸ್ ಇರುವ ಕಡೆ ರೇಡ್ 10 ಇರಲಿ ಎಂದು ನಾನು ಒತ್ತಿ ಹೇಳುವುದು ಈ ಗುಣಾಕಾರಕ್ಕೆ ಹೆದರಿ.

ಇದಕ್ಕೆ ನಿಮ್ಮಲ್ಲಿ ಅನುಭವಿಗಳು ತೆಗೆಯುವ ಆಕ್ಷೇಪಣೆಗಳು ನನಗೆ ಗೊತ್ತು. ಈಗಿನ ಎಸ್‌ಎಸ್‌ಡಿಗಳು ಜಾಣವಾಗಿವೆ, ಬಿಡುವಿನ ವೇಳೆಯಲ್ಲಿ ತಾವೇ ಗುಡಿಸಿಕೊಳ್ಳುತ್ತವೆ, ಟ್ರಿಮ್ ಯಾಕೆ ಬೇಕು ಎಂಬುದು ಒಂದು. ಗುಡಿಸಿಕೊಳ್ಳುತ್ತವೆ, ನಿಜ. ಆದರೆ ಕಸ ಯಾವುದೆಂದು ಅವಕ್ಕೆ ಗೊತ್ತಾಗುವುದು ಅದೇ ವಿಳಾಸಕ್ಕೆ ಹೊಸದು ಬಂದು ಬಿದ್ದಾಗ ಮಾತ್ರ. ಅಲ್ಲಿಯವರೆಗೆ ಅಳಿಸಿದ ಕಡತವೂ ಅವುಗಳ ಪಾಲಿಗೆ ಜೀವಂತ. ಬಿಡುವಿನಲ್ಲಿ ಗುಡಿಸಿದಷ್ಟೂ ಸತ್ತ ಕಡತಗಳನ್ನೇ ಹೊತ್ತು ತಿರುಗಿ ಸವೆಯುತ್ತವೆ.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಂಭೀರ: ರೇಡ್‌ನಲ್ಲಿ ಟ್ರಿಮ್ ಹಚ್ಚಿದರೆ ದತ್ತಾಂಶ ಹಾಳಾಗುತ್ತದೆ ಎಂಬ ಭಯ. ಇದು ಬರಿಯ ಗಾಳಿಮಾತಲ್ಲ. 2015ರಲ್ಲಿ ಆಲ್ಗೋಲಿಯಾ ಎಂಬ ಸಂಸ್ಥೆ ತನ್ನ ಸರ್ವರ್‌ಗಳಲ್ಲಿ ಕಡತಗಳ ನಡುವೆ ಸೊನ್ನೆಗಳು ತುಂಬಿಕೊಳ್ಳುತ್ತಿರುವುದನ್ನು ಕಂಡು, ಜಾಡು ಹಿಡಿದು ಹೋಗಿ, ಸ್ಯಾಮ್‌ಸಂಗ್ ಎಸ್‌ಎಸ್‌ಡಿಗಳಲ್ಲಿ ಟ್ರಿಮ್ ದೋಷವಿದೆ ಎಂದು ಬಹಿರಂಗವಾಗಿ ಬರೆಯಿತು. ಸುದ್ದಿ ಜಗತ್ತೆಲ್ಲ ಹರಡಿತು. ಮುಂದಿನ ತಿಂಗಳು ಸ್ಯಾಮ್‌ಸಂಗ್‌ನ ಎಂಜಿನಿಯರುಗಳು ಕೆದಕಿ ನೋಡಿದಾಗ ದೋಷ ಸಿಕ್ಕಿದ್ದು ಲಿನಕ್ಸ್ ಕರ್ನೆಲ್ಲಿನ ರೇಡ್ ಭಾಗದಲ್ಲಿ, ದೊಡ್ಡ ಟ್ರಿಮ್ ಕೋರಿಕೆಯನ್ನು ಡಿಸ್ಕ್‌ಗಳಿಗೆ ಹಂಚುವ ಕಡೆ. ಅದನ್ನು ಆಗಲೇ ಸರಿಪಡಿಸಿದರು. ಮೊದಲ ಸುದ್ದಿ ಜನರ ನೆನಪಿನಲ್ಲಿ ಉಳಿಯಿತು, ಎರಡನೆಯದು ಉಳಿಯಲಿಲ್ಲ. ಅಂದಮಾತ್ರಕ್ಕೆ ಕಣ್ಣು ಮುಚ್ಚಿ ಟ್ರಿಮ್ ಹಚ್ಚಿ ಎಂದು ನಾನು ಹೇಳುತ್ತಿಲ್ಲ. ರೇಡ್ 5 ಮತ್ತು 6ರಲ್ಲಿ ಒಂದು ನಿಜವಾದ ತೊಡಕಿದೆ. ಟ್ರಿಮ್ ಆದ ಜಾಗವನ್ನು ಓದಿದರೆ ಕೆಲವು ಡಿಸ್ಕ್‌ಗಳು ಸೊನ್ನೆ ಕೊಡುತ್ತವೆ, ಕೆಲವು ಏನೇನೋ ಕೊಡುತ್ತವೆ. ಏನೇನೋ ಕೊಟ್ಟರೆ ಪ್ಯಾರಿಟಿ ಲೆಕ್ಕ ತಪ್ಪಿಹೋಗುತ್ತದೆ. ಆದ್ದರಿಂದಲೇ 2014ರಿಂದ ಲಿನಕ್ಸ್ ಈ ರೇಡ್‌ಗಳಲ್ಲಿ ಟ್ರಿಮ್ಮನ್ನು ತಾನಾಗಿ ಬಿಡುವುದಿಲ್ಲ. ಡಿಸ್ಕ್ ಖಚಿತವಾಗಿ ಸೊನ್ನೆಯನ್ನೇ ಹಿಂದಿರುಗಿಸುತ್ತದೆ ಎಂದು ತಯಾರಕರ ದಾಖಲೆಯಲ್ಲಿ ನೋಡಿಕೊಂಡು, ನೀವೇ ಕರ್ನೆಲ್ಲಿನ ರೇಡ್ ಮಾಡ್ಯೂಲಿಗೆ ಒಪ್ಪಿಗೆ ಕೊಡಬೇಕು. ಖಚಿತವಿಲ್ಲದಿದ್ದರೆ ಕೊಡಬೇಡಿ, ಅಲ್ಲಿಗೆ ಬೇರೆ ಉಪಾಯವಿದೆ. ರೇಡ್ 1 ಮತ್ತು 10ರಲ್ಲಿ ಪ್ಯಾರಿಟಿಯೇ ಇಲ್ಲವಾದ್ದರಿಂದ ಈ ತೊಡಕೂ ಇಲ್ಲ.

ಆ ಬೇರೆ ಉಪಾಯವೇ ಖಾಲಿ ಜಾಗ. ಟ್ರಿಮ್ ಹಾದುಹೋಗದ ಕಂಟ್ರೋಲರ್ ಇರುವವರಿಗೆ, ಪ್ಯಾರಿಟಿ ರೇಡ್ ಇರುವವರಿಗೆ ಇದೇ ದೊಡ್ಡ ಆಸರೆ. ಎಂದೂ ಬರೆಯದ ಜಾಗ ಖಾಲಿ ಎಂದು ಎಸ್‌ಎಸ್‌ಡಿಗೆ ಯಾರೂ ಹೇಳಬೇಕಿಲ್ಲ, ಅದಕ್ಕೆ ಗೊತ್ತೇ ಇರುತ್ತದೆ. ಆದ್ದರಿಂದ ಹೊಸ ಡಿಸ್ಕ್‌ಗಳಲ್ಲಿ ರೇಡ್ ಕಟ್ಟುವಾಗ ಪೂರ್ತಿ ಅಳತೆ ಬಳಸದೆ, 960 ಜಿಬಿ ಇದ್ದರೆ 800 ಜಿಬಿಯ ಪಾರ್ಟಿಷನ್ ಮಾಡಿ ಅದರ ಮೇಲೆ ರೇಡ್ ಕಟ್ಟಿ. ಕಂಟ್ರೋಲರ್ ಇದ್ದರೆ ವರ್ಚುವಲ್ ಡಿಸ್ಕನ್ನೇ ಚಿಕ್ಕದಾಗಿ ಮಾಡಿ. ಮಾರುಕಟ್ಟೆಯಲ್ಲಿ ಡೇಟಾ ಸೆಂಟರ್ ಎಸ್‌ಎಸ್‌ಡಿಗಳ ಅಳತೆ 512 ಬದಲು 480, 1024 ಬದಲು 960 ಎಂದಿರುವುದನ್ನು ನೀವು ಗಮನಿಸಿರಬಹುದು. ತಯಾರಕರು ಆ ಜಾಗವನ್ನು ನಿಮ್ಮಿಂದ ಕಸಿದುಕೊಂಡಿಲ್ಲ, ಗುಡಿಸುವ ಕೆಲಸಕ್ಕೆ ಮೀಸಲಿಟ್ಟಿದ್ದಾರೆ. ‘ದುಡ್ಡು ಕೊಟ್ಟು ಕೊಂಡ ಜಾಗವನ್ನು ಖಾಲಿ ಬಿಡುವುದೆಂದರೆ ಆಡಿಟ್‌ನಲ್ಲಿ ಏನು ಉತ್ತರ ಕೊಡಲಿ’ ಎಂದು ಕೇಳುವಿರಿ. ಮೇಲಿನ ಲೆಕ್ಕವನ್ನೇ ತೋರಿಸಿ. ಗುಡಿಸುವ ಬ್ಲಾಕಿನಲ್ಲಿ ಕಸದ ಪಾಲು 10%ರಿಂದ 25%ಕ್ಕೆ ಏರಿದರೆ ಒಳಗಿನ ಬರಹ ಹತ್ತರಿಂದ ನಾಲ್ಕಕ್ಕೆ ಇಳಿಯುತ್ತದೆ. ಡಿಸ್ಕಿನ ಆಯುಸ್ಸು ಎರಡು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಕೊಟ್ಟ ಜಾಗಕ್ಕಿಂತ ಉಳಿದ ದುಡ್ಡೇ ದೊಡ್ಡದು. ಒಂದು ಎಚ್ಚರಿಕೆ: ಈಗಾಗಲೇ ತುಂಬಿ ಬಳಸಿದ ಡಿಸ್ಕಿನಲ್ಲಿ ಪಾರ್ಟಿಷನ್ ಚಿಕ್ಕದು ಮಾಡಿದರೆ ಸಾಲದು. ಮಿಕ್ಕ ಜಾಗ ಇನ್ನೂ ಹಳೆಯ ಬರಹವನ್ನೇ ಹೊತ್ತಿರುತ್ತದೆ. ಬ್ಯಾಕಪ್ ತೆಗೆದು, ಅದು ಮರಳಿ ಬರುತ್ತದೆಂದು ಪರೀಕ್ಷಿಸಿ, ಆಮೇಲೆ ಸೆಕ್ಯೂರ್ ಎರೇಸ್ ಮಾಡಿ ಹೊಸದಾಗಿ ಕಟ್ಟಬೇಕು.

ಇದೇ ಜಾಗದಲ್ಲಿ ಒಂದು ಸೂಕ್ಷ್ಮವನ್ನು ಹೇಳಿಬಿಡುತ್ತೇನೆ, ಇದನ್ನು ಗಮನಿಸುವವರು ವಿರಳ. ಹೊಸ ರೇಡ್ ಕಟ್ಟಿದಾಗ ನಡೆಯುವ ಮೊದಲ ಸಿಂಕ್, ಕೆಟ್ಟ ಡಿಸ್ಕ್ ಬದಲಿಸಿದಾಗ ನಡೆಯುವ ರೀಬಿಲ್ಡ್, ಎರಡೂ ಸಾಮಾನ್ಯವಾಗಿ ಡಿಸ್ಕಿನಲ್ಲಿ ರೇಡ್‌ಗೆ ಕೊಟ್ಟ ಭಾಗದ ಮೊದಲಿನಿಂದ ಕೊನೆಯವರೆಗೆ ಬರೆಯುತ್ತವೆ, ಖಾಲಿ ಜಾಗವನ್ನೂ ಬಿಡದೆ. ಹಾಗಾಗಿ ನಿನ್ನೆ ಪೆಟ್ಟಿಗೆಯಿಂದ ತೆಗೆದ ಡಿಸ್ಕ್ ಇವತ್ತು ತಾನು ತುಂಬಿದ್ದೇನೆ ಎಂದು ನಂಬಿಕೊಂಡಿರುತ್ತದೆ. ರೀಬಿಲ್ಡ್ ಮುಗಿದ ಮೇಲೆ ಎಫ್‌ಎಸ್‌ಟ್ರಿಮ್ ಓಡಿಸಲೇಬೇಕು. ಆದರೆ ಎಕ್ಸ್ಟ್ 4 ಫೈಲ್ ಸಿಸ್ಟಮ್ ಹಿಂದೆ ಟ್ರಿಮ್ ಮಾಡಿದ ಭಾಗಗಳನ್ನು ನೆನಪಿಟ್ಟುಕೊಂಡು ಮತ್ತೆ ಮಾಡುವುದಿಲ್ಲ. ಕೆಳಗೆ ಡಿಸ್ಕ್ ಬದಲಾದದ್ದು ಅದಕ್ಕೆ ಗೊತ್ತಿಲ್ಲ, ‘ಸೊನ್ನೆ ಬೈಟ್ ಟ್ರಿಮ್ ಆಯಿತು’ ಎಂದು ಹೇಳಿ ಸುಮ್ಮನಾಗಬಹುದು. ಒಮ್ಮೆ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿದರೆ ಆ ನೆನಪು ಅಳಿಯುತ್ತದೆ, ಆಮೇಲೆ ಓಡಿಸಿದರೆ ನಿಜವಾದ ಅಂಕಿ ಕಾಣುತ್ತದೆ.

ಕೊಳ್ಳುವ ವಿಚಾರಕ್ಕೆ ಬಂದರೆ, ಅಗ್ಗದ ಕೊಟೇಶನ್ನಿಗೆ ಸಹಿ ಹಾಕುವವರು ನೀವಲ್ಲ ಎಂದು ಗೊತ್ತು. ಆದರೂ ತಾಂತ್ರಿಕ ಟಿಪ್ಪಣಿ ಬರೆಯುವವರು ನೀವೇ. ಮನೆಬಳಕೆಯ ಎಸ್‌ಎಸ್‌ಡಿ ತನ್ನ ಒಂದು ಭಾಗವನ್ನು ವೇಗದ ಕ್ಯಾಶ್ ಮಾಡಿಕೊಂಡು, ಮೊದಲ ಕೆಲವು ನಿಮಿಷ ಪೆಟ್ಟಿಗೆಯ ಮೇಲೆ ಅಚ್ಚಾದ ವೇಗವನ್ನೇ ಕೊಡುತ್ತದೆ. ಕ್ಯಾಶ್ ತುಂಬಿದ ಮೇಲೆ ಅದರ ನಿಜರೂಪ ಹೊರಬರುತ್ತದೆ, ಕ್ಯೂಎಲ್‌ಸಿ ಮಾದರಿಗಳಲ್ಲಂತೂ ಹಳೆಯ ಹಾರ್ಡ್ ಡಿಸ್ಕನ್ನು ನೆನಪಿಸುವಷ್ಟು. ಕರೆಂಟ್ ಹೋದಾಗ ಒಳಗಿನ ಬರಹ ಉಳಿಸುವ ಕೆಪಾಸಿಟರ್ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಹಾಗಾಗಿ ಡೇಟಾಬೇಸ್ ಪ್ರತಿ ವಹಿವಾಟಿಗೂ ‘ಗಟ್ಟಿಯಾಗಿ ಬರೆದೆಯಾ’ ಎಂದು ಕೇಳಿದಾಗ ಫ್ಲ್ಯಾಶ್‌ಗೆ ಬರೆದು ಮುಗಿಸಿಯೇ ಉತ್ತರಿಸಬೇಕು. ಕೆಪಾಸಿಟರ್ ಇರುವ ಡಿಸ್ಕ್ ತಕ್ಷಣ ಹೌದೆನ್ನುತ್ತದೆ. ಡೇಟಾಬೇಸ್ ಸರ್ವರಿನಲ್ಲಿ ಇವೆರಡರ ನಡುವಿನ ಅಂತರ ಯಾವ ಟ್ಯೂನಿಂಗ್‌ನಿಂದಲೂ ಮುಚ್ಚುವಂಥದ್ದಲ್ಲ. ಮಾರುವವರು ಹತ್ತು ಸೆಕೆಂಡಿನ ಪರೀಕ್ಷೆ ತೋರಿಸಿದರೆ ಒಪ್ಪಬೇಡಿ. ಎಸ್‌ಎನ್‌ಐಎ ರೂಪಿಸಿದ ಪರೀಕ್ಷಾ ವಿಧಾನದಲ್ಲೇ ಡಿಸ್ಕನ್ನು ಮೊದಲು ತುಂಬಿಸಿ, ವೇಗ ಒಂದು ಮಟ್ಟಕ್ಕೆ ಇಳಿದು ನಿಂತ ಮೇಲೆ ಅಳೆಯಬೇಕೆಂದಿದೆ. ಎಫ್‌ಐಒ ಎಂಬ ಉಚಿತ ಉಪಕರಣದಿಂದ ನೀವೂ ಗಂಟೆಗಟ್ಟಲೆ ಓಡಿಸಿ ನೋಡಬಹುದು. ಸರಾಸರಿ ವೇಗಕ್ಕಿಂತ, ಅತಿ ನಿಧಾನದ ಒಂದು ಶೇಕಡಾ ಕೋರಿಕೆಗಳಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಓದಿ.

ಫರ್ಮ್‌ವೇರ್ ಬಗ್ಗೆ ಎರಡು ಮಾತು. 2019ರ ನವೆಂಬರಿನಲ್ಲಿ ಎಚ್‌ಪಿಇ ತನ್ನ ಕೆಲವು ಎಸ್‌ಎಸ್‌ಡಿ ಮಾದರಿಗಳು 32,768 ಗಂಟೆ ಓಡಿದ ಕೂಡಲೇ ಸಂಪೂರ್ಣ ಕೆಟ್ಟುಹೋಗುತ್ತವೆ ಎಂದು ಎಚ್ಚರಿಸಿತು. ಅಂದರೆ ಮೂರು ವರ್ಷ 270 ದಿನ 8 ಗಂಟೆ. 2020ರ ಮಾರ್ಚಿನಲ್ಲಿ ಬೇರೆ ಮಾದರಿಗಳಿಗೆ 40,000 ಗಂಟೆಯ ಅಂಥದೇ ಎಚ್ಚರಿಕೆ ಬಂತು. ಒಂದೇ ದಿನ ಹಾಕಿ ಒಂದೇ ದಿನ ಚಾಲೂ ಮಾಡಿದ ಡಿಸ್ಕ್‌ಗಳ ರೇಡ್‌ಗೆ ಇದರ ಅರ್ಥ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ: ಒಂದು ಹೋದರೆ ಇನ್ನೊಂದು ಕಾಯುತ್ತದೆ ಎಂಬ ಲೆಕ್ಕವೇ ಬುಡಮೇಲು. ಮೈಕ್ರೋಸಾಫ್ಟ್ ರಿಸರ್ಚ್‌ನವರು 2010ರಲ್ಲಿ, ಡಿಸ್ಕ್‌ಗಳು ಬೇರೆ ಬೇರೆ ವೇಗದಲ್ಲಿ ಸವೆಯುವಂತೆ ಪ್ಯಾರಿಟಿಯನ್ನು ಬೇಕೆಂದೇ ಅಸಮವಾಗಿ ಹಂಚುವ ರೇಡ್ ಒಂದನ್ನು ಸೂಚಿಸಿದ್ದರು. ಅಷ್ಟು ದೂರ ಹೋಗುವುದು ಬೇಡ. ಕೊಳ್ಳುವಾಗ ಎರಡು ಬೇರೆ ಲಾಟ್‌ಗಳಿಂದ ತೆಗೆದುಕೊಳ್ಳಿ, ಫರ್ಮ್‌ವೇರ್ ಆವೃತ್ತಿಯನ್ನು ಬರೆದಿಟ್ಟುಕೊಳ್ಳಿ, ತಯಾರಕರ ಸೂಚನೆಗಳನ್ನು ಆಗಾಗ ನೋಡಿ. ಹಾಂ, ಬಿಸಿಲಿನ ಮಾತನ್ನೂ ಮರೆಯಬೇಡಿ. ಎನ್‌ವಿಎಂಇ ಡಿಸ್ಕ್‌ಗಳು ಕಾದರೆ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ರಾಯಚೂರು, ಕಲಬುರಗಿಗಳ ಮೇ ತಿಂಗಳಲ್ಲಿ ಸಂಜೆ ಐದೂವರೆಗೆ ಕಚೇರಿಯ ಎಸಿ ಆರಿಸಿ ಹೋದರೆ, ರಾತ್ರಿಯ ಬ್ಯಾಕಪ್ ಬೆಳಿಗ್ಗೆಯಾದರೂ ಮುಗಿಯದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಈ ವಾರದಲ್ಲೇ ಒಮ್ಮೆ ಟ್ರಿಮ್ ಕೆಳಗಿನ ಡಿಸ್ಕಿನವರೆಗೆ ಮುಟ್ಟುತ್ತಿದೆಯೇ ಎಂದು ಪದರ ಪದರವಾಗಿ ಪರೀಕ್ಷಿಸಿ. ಮುಟ್ಟುತ್ತಿದ್ದರೆ ವಾರದ ಟೈಮರ್ ಚಾಲೂ ಮಾಡಿ, ವಿಂಡೋಸ್ ಆದರೆ ಡ್ರೈವ್ ಆಪ್ಟಿಮೈಜ್ ವೇಳಾಪಟ್ಟಿ ನೋಡಿ. ಮುಟ್ಟದಿದ್ದರೆ ಮುಂದಿನ ಸಲ ರೇಡ್ ಕಟ್ಟುವಾಗ ಜಾಗ ಬಿಟ್ಟು ಕಟ್ಟುವ ಯೋಜನೆ ಹಾಕಿ, ತಡೆ ಕಂಟ್ರೋಲರಿನಲ್ಲಿದ್ದರೆ, ಸಾಧ್ಯವಾದಲ್ಲಿ ಅದನ್ನು ಡಿಸ್ಕ್‌ಗಳನ್ನು ನೇರವಾಗಿ ತೋರಿಸುವ ಎಚ್‌ಬಿಎ ಮೋಡ್‌ಗೆ ಹಾಕಿ ಸಾಫ್ಟ್‌ವೇರ್ ರೇಡ್‌ಗೆ ಬನ್ನಿ. ತಿಂಗಳಿಗೊಮ್ಮೆ ಸ್ಮಾರ್ಟ್‌ಸಿಟಿಎಲ್ ಓಡಿಸಿ ಪ್ರತಿ ಡಿಸ್ಕಿನ ಸವೆತ, ಉಷ್ಣಾಂಶ, ಓಡಿದ ಗಂಟೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಾಲ್ಕರಲ್ಲಿ ಒಂದು ಡಿಸ್ಕ್ ಉಳಿದವಕ್ಕಿಂತ ಬೇರೆ ದಾರಿ ಹಿಡಿದಿದ್ದರೆ ದೂರು ಬರುವ ಮೊದಲೇ ಆ ಪುಟದಲ್ಲಿ ಕಾಣುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಸರ್ವರ್ ನಿಧಾನವಾಗಿದ್ದರೆ ಆ ನೋಟ್‌ಬುಕ್ಕನ್ನು ಕೊಟೇಶನ್ ಕಡತದ ಜೊತೆ ಲಗತ್ತಿಸಿ ಮೇಲಧಿಕಾರಿಗಳಿಗೆ ಕಳಿಸಿ. ಹೊಸ ಡಿಸ್ಕ್ ಕೇಳುವ ಹಕ್ಕು ಆಗ ನಿಮಗೆ ಪೂರ್ತಿ ಇರುತ್ತದೆ.

ಇತಿ ನಿಮ್ಮ ವಿಶ್ವಾಸಿ,
ತಂತ್ರಜ್ಞಾನ ಅಂಕಣಕಾರ